ತನ್ನಷ್ಟಕ್ಕೆ ಓಡುವುದು

ಬಲ್ಮಠದ ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಆಸ್ಪತ್ರೆಯ ಸರ್ವರ್ ಕಂಪ್ಯೂಟರಿಗೆ ಒಮ್ಮೆಗೆ ಇಷ್ಟೇ ಸಂಪರ್ಕ ಎಂಬ ಮಿತಿ. ಅದು ತುಂಬಿದಾಗಲೆಲ್ಲ ಅವರದು ಒಂದೇ ಮಾತು: "ಕೆಲಸ ಇಲ್ಲದವರು ಲಾಗ್‌ಔಟ್ ಆಗಿ ಮಾರಾಯ್ರೇ!" ಕೌಂಟರಿನ ನಾವು ಕಳ್ಳರಂತೆ ಹೊರಬರುತ್ತಿದ್ದೆವು.

ಒಂದು ಬೆಳಿಗ್ಗೆ ಮತ್ತೆ ಕೌಂಟರುಗಳೆಲ್ಲ ನಿಂತವು. ಆಪರೇಷನ್ನಿಗೆಂದು ಉಪವಾಸವಿದ್ದ ಕುದ್ರೋಳಿಯ ಅಜ್ಜಿಯೊಬ್ಬರು ರಕ್ತದ ವರದಿಗಾಗಿ ಕಾಯುತ್ತಿದ್ದರು. ನಾನು ಮುಖ್ಯಸ್ಥರ ಕೋಣೆಗೇ ನುಗ್ಗಿ ಪರದೆ ನೋಡಿದೆ. ಮುಕ್ಕಾಲು ಪಾಲು ಸಂಪರ್ಕಗಳನ್ನು ಹಿಡಿದು ಕೂತಿದ್ದದ್ದು ಅವರೇ ಹಿನ್ನೆಲೆಯಲ್ಲಿ ಓಡಲು ಬಿಟ್ಟ ಬ್ಯಾಕಪ್ಪುಗಳು!

"ಸರ್, ಇದೆಲ್ಲ ನಿಮ್ಮದೇ ಉಂಟಲ್ಲ?"

"ಅದು ತನ್ನಷ್ಟಕ್ಕೆ ಓಡುವುದು. ಅದನ್ನು ಎಂತ ಲೆಕ್ಕ ಹಿಡಿಯುವುದು?"

ಸರ್ವರ್ ಲೆಕ್ಕ ಹಿಡಿದಿತ್ತಲ್ಲ! ನನಗೆ ಮೈ ಉರಿಯಿತು. ಅವರು ಕನ್ನಡಕ ಒರೆಸಿ, ಫೋನೆತ್ತಿ, ಅದೇ ಅಜ್ಜಿಯ ವರದಿ ಟೈಪ್ ಮಾಡುತ್ತಿದ್ದ ಲ್ಯಾಬಿನ ಹುಡುಗಿಗೆ ಹೇಳಿದರು: "ಲಾಗ್‌ಔಟ್ ಆಗಿ ಮಾರಾಯ್ರೇ!"