ಖಾನಾಪುರಕ್ಕೆ ಕಾಲ್ನಡಿಗೆ

ಎರಡು ಚಕ್ಕಡಿಗಳಿಂದ ತಪ್ಪಿಸಿಕೊಂಡದ್ದು ಸಾಲದೆಂಬಂತೆ ಮೂರನೆಯ ಎತ್ತಿನ ಗಾಡಿಯೂ ನಮ್ಮ ಪಕ್ಕ ನಿಂತಿತು, ಗದಗಿನ ಗೆಳೆಯರೇ. ನನ್ನ ಹಿಂದವಾಡಿಯ ಬಾಡಿಗೆ ಖೋಲಿಯ ಜೊತೆಗಾರ, ಫ್ರಾನ್ಸಿನ ಪಿಯೇರ್, ಇವತ್ತು ದೇಸೂರಿನಿಂದ ಖಾನಾಪುರಕ್ಕೆ ನಡೆದೇ ಹೋಗಬೇಕೆಂದು ಹೊರಟಿದ್ದ. ಜನ ಬಿಡಬೇಕಲ್ಲ!

"ಪಾವ್ಣ್ಯಾರ, ಏರ್ರಿ," ಎಂದ ಚಕ್ಕಡಿಯ ಅಜ್ಜ, ಪರದೇಶದ ಅತಿಥಿಯನ್ನು ನೋಡಿ.

"ಅವರಿಗೆ ನಡಿಯೂದಂದ್ರ ಖುಷಿರೀ ಅಜ್ಜಾರ," ಎಂದೆ.

"ಪರದೇಶದಾವ್ರನ್ನ ಬಿಸಿಲಾಗ ನಡಸ್ತೀಯಲ್ಲೋ ತಮ್ಮಾ, ನಾಚಿಕಿ ಬರಂಗಿಲ್ಲ?"

ಪಿಯೇರ್ ಮುಖ ಸಪ್ಪಗೆ ಮಾಡಿ ಹತ್ತಿದ, ಹಿಂದೆ ನಾನೂ. ಮುಂದೆ ಏರು ಬಂತು. "ಎತ್ತಿಗೆ ಭಾರ ಆಕ್ಕೈತಿ, ಇಳೀರಿ," ಎನ್ನುತ್ತ ಅಜ್ಜ ತಾನೂ ಇಳಿದ. ಪಿಯೇರ್ ಧುಮುಕಿದವನು ಏರು ಮುಗಿದರೂ ಹತ್ತಲಿಲ್ಲ. ಎತ್ತಿನ ಬೆನ್ನು ಸವರಿ, "ಪಾಪ, ದಣದಾವು," ಎಂದ, ನನ್ನಿಂದ ಕಲಿತ ಕನ್ನಡದಲ್ಲಿ.

"ಕರುಳಿದ್ದ ಮನಷ್ಯಾ!" ಎಂದು ಅಜ್ಜ ತಕ್ಷಣ ಒಪ್ಪಿದ. ಪಾವ್ಣ್ಯಾ ನಡೆಯುವಾಗ ತಾನು ಕೂರುವುದು ಹೇಗೆ? ಖಾನಾಪುರದವರೆಗೂ ಮೂವರೂ ನಡೆದೆವು, ಖಾಲಿ ಚಕ್ಕಡಿ ನಮ್ಮ ಬಾಜು ಬಂತು.

ನನ್ನ ಕಾಲು ನನ್ನ ಮಾತು ಕೇಳುತ್ತಿಲ್ಲ. ಬೆಳಿಗ್ಗೆ ಟ್ರಂಕ್ ಕಾಲ್ ಬೇಡ, ಫೋನಿನ ತನಕ ನಡೆಯಲಾರೆ; ನಾಳೆ ಸಂಜೆ ಏಳಕ್ಕೆ ಮಾಡಿ.