ಕ್ಯೂನಲ್ಲಿ ಬಿಟ್ಟ ಚಪ್ಪಲಿ

ಹೋದ ತಿಂಗಳು ನಾನು ಇಂಗ್ಲೆಂಡ್, ಅಮೆರಿಕ, ಸ್ವೀಡನ್, ಜಪಾನ್ ನಾಲ್ಕಕ್ಕೂ ಮಾರ್ಕ್ಸ್ ಕೊಟ್ಟೆ. ಎಸ್ಸೆಸ್ಸೆಲ್ಸಿಯನ್ನು ಮೂರನೇ ಸಲಕ್ಕೆ ಪಾಸು ಮಾಡಿದವನಿಗೆ ಇನ್ನೊಬ್ಬರಿಗೆ ಮಾರ್ಕ್ಸ್ ಕೊಡುವುದೆಂದರೆ ಎಂಥ ಖುಷಿ, ನಿಮಗೆ ಗೊತ್ತಿಲ್ಲ.

ಆಗಿದ್ದು ಇಷ್ಟು. ರಾಜಾಜಿನಗರದ ನಮ್ಮ ವಠಾರದಲ್ಲಿ ಪಕ್ಕದ ಮನೆಯವರು ಮುನಿಯಪ್ಪ, ಗಿರಣಿ ಕೆಲಸಗಾರರು. ಅವರ ಎಡಗಣ್ಣು ಮಂಜಾಗುತ್ತಿತ್ತು. ತಡ ಮಾಡಿದರೆ ನೋಟ ಹೋಗುತ್ತದೆ, ದೊಡ್ಡ ಡಾಕ್ಟರಿಗೆ ತೋರಿಸಿ ಎಂದು ನಮ್ಮ ಬೀದಿಯ ಡಾಕ್ಟರು ಹೆದರಿಸಿದ್ದರು. ದೊಡ್ಡ ಡಾಕ್ಟರು ಸರ್ಕಾರಿ ಆಸ್ಪತ್ರೆಗೆ ಬರುವುದು ಗುರುವಾರ ಮಾತ್ರ. ಟೋಕನ್‌ಗೆ ಬೆಳಗ್ಗೆ ಆರರಿಂದಲೇ ಕ್ಯೂ.

"ನೀನು ನಿಂತಿರಪ್ಪ, ಒಂಬತ್ತಕ್ಕೆ ನಾನು ಇವ್ರನ್ನ ಬಸ್ಸಲ್ಲಿ ಕರ್ಕೊಂಡು ಬರ್ತೀನಿ" ಎಂದರು ಅವರ ಹೆಂಡತಿ ಪುಟ್ಟಮ್ಮ.

ನಿಂತೆ. ಎಂಟರವರೆಗೆ. ಆಮೇಲೆ ಸೀಮೆಎಣ್ಣೆ ಅಂಗಡಿಯ ಕ್ಯೂನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ನನ್ನ ಜಾಗದಲ್ಲಿ ಚಪ್ಪಲಿ ಬಿಟ್ಟು ಎದುರಿನ ಟೀ ಅಂಗಡಿಗೆ ಹೋದೆ. (ಬರಿಗಾಲಲ್ಲಿ.)

ಬೆಂಚಿನ ಮೇಲೆ ಯಾರೋ ಆಸ್ಪತ್ರೆಯನ್ನು ಬೈಯುತ್ತಿದ್ದರು. ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಮ್ಯಾಗಜಿನ್ ತಿರುವಿ ಹಾಕಿದ್ದೆನಲ್ಲ, ಬಿಡುತ್ತೇನೆಯೆ? ಇಂಗ್ಲೆಂಡಿನಲ್ಲಿ ಡಾಕ್ಟರಿಗೆ ಕಾಸು ಕೊಡಬೇಕಿಲ್ಲ, ಆದರೆ ಆಪರೇಷನ್‌ಗೆ ತಿಂಗಳುಗಟ್ಟಲೆ ಕಾಯಬೇಕು ಎಂದೆ. ಅಮೆರಿಕದಲ್ಲಿ ಇಲ್ಲದ ಯಂತ್ರವಿಲ್ಲ, ಇನ್ಶೂರೆನ್ಸ್ ಇಲ್ಲದವನ ಗತಿ ಮಾತ್ರ ದೇವರಿಗೇ ಪ್ರೀತಿ. ಸ್ವೀಡನ್ನಿನಲ್ಲಿ ಟ್ಯಾಕ್ಸು ಜಾಸ್ತಿ, ಕಾಯಿಲೆ ಬಿದ್ದರೆ ಸರ್ಕಾರವೇ ನೋಡಿಕೊಳ್ಳುತ್ತೆ. ಜಪಾನಿನವರ ಆಯಸ್ಸು ಗಟ್ಟಿ. ಜಪಾನಿಗೆ ಫಸ್ಟ್ ರ‍್ಯಾಂಕ್.

"ಗುರು, ನೀನು ಹೆಲ್ತ್ ಮಿನಿಸ್ಟರ್ ಆಗ್ಬೇಕಿತ್ತು" ಎಂದ ಒಬ್ಬ. ಇನ್ನೊಂದು ಟೀ ಹೇಳಿದೆ.

ವಾಪಸು ಬಂದರೆ ಆಯಾ ಕಾರಿಡಾರು ಗುಡಿಸಿ ಮುಗಿಸಿದ್ದಳು. ನನ್ನ ಚಪ್ಪಲಿ ಮೂಲೆಯಲ್ಲಿ, ಕಸದ ಜೊತೆ. ಟೋಕನ್ ಖಾಲಿ.

"ಇಲ್ಲಿ ಚಪ್ಪಲಿಗೆ ಕಣ್ಣು ನೋಡಲ್ಲ ಕಣಪ್ಪ" ಎಂದಳು.

ಒಂಬತ್ತಕ್ಕೆ ಪುಟ್ಟಮ್ಮ ಗಂಡನ ಕೈ ಹಿಡಿದು ಬಂದರು. ನಡೆದದ್ದನ್ನು ಹೇಳಿದೆ. ಬೈಯಲಿಲ್ಲ. "ಇವ್ರು ರಜಾ ಹಾಕಿ ಬಂದಿದ್ರು" ಎಂದಷ್ಟೇ ಹೇಳಿ, ಅವರನ್ನು ಮೆಲ್ಲಗೆ ಬಸ್ ಸ್ಟಾಪಿನ ಕಡೆ ತಿರುಗಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಗುರುವಾರ ನಾನು ಕ್ಯೂ ಬಿಟ್ಟು ಕದಲಲಿಲ್ಲ. ದೊಡ್ಡ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಎಡಗಣ್ಣಲ್ಲಿ ಹೋಗಿರೋ ನೋಟ ವಾಪಸ್ ಬರಲ್ಲ. ಬಲಗಣ್ಣಾದ್ರೂ ಉಳಿಸ್ಕೊಳ್ಳೋಣ" ಎಂದರು. ಆ ಒಂದು ವಾರದಲ್ಲಿ ಎಷ್ಟು ಹೋಯಿತು ಸಾರ್ ಎಂದು ಕೇಳಲು ನನಗೆ ಬಾಯೇ ಬರಲಿಲ್ಲ. (ನನ್ನ ಬಾಯಿಗೆ ಎಂದೂ ಬರ ಬಂದದ್ದಿಲ್ಲ, ನಿಮಗೆ ಗೊತ್ತಲ್ಲ.)

ನನ್ನ ಮಾರ್ಕ್ಸ್ ಲಿಸ್ಟಿನಲ್ಲಿ ಯಂತ್ರ ಇತ್ತು, ಟ್ಯಾಕ್ಸು ಇತ್ತು, ಆಯಸ್ಸೂ ಇತ್ತು. ಕಾಯುತ್ತಾ ಕೂತವನ ಕಣ್ಣನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಮೊನ್ನೆ ಸಂಜೆ ಮುನಿಯಪ್ಪ ಜಗಲಿಯ ಮೇಲೆ ಕೂತಿದ್ದರು. ಟೀ ಅಂಗಡಿಯ ನನ್ನ ಭಾಷಣ ಅವರ ಕಿವಿಗೂ ಬಿದ್ದಿತ್ತು. ಬಲಗಣ್ಣನ್ನು ನನ್ನ ಕಡೆ ತಿರುಗಿಸಿ ಕೇಳಿದರು:

"ಅಲ್ಲ ಕಣಪ್ಪಾ, ಆ ಫಸ್ಟ್ ರ‍್ಯಾಂಕ್ ದೇಶದಲ್ಲಿ ಕ್ಯೂನಲ್ಲಿ ಯಾರ್ನ ನಿಲ್ಲಿಸ್ತಾರೆ?"