ಡಾಕ್ಟರರಿಗೆ ಅವ್ವ ಕೊಟ್ಟ ಟೊಮೆಟೊ ಮೊಗ್ಗು

ಹೈಬ್ರಿಡ್ ಬೀಜ ತಯಾರಿಸುವ ಪ್ಲಾಟಿನಲ್ಲಿ ದುಡಿದ ಹೆಣ್ಣುಮಕ್ಕಳ ಮುಂದೆ ಯಾರೂ ಕೈಚಳಕದ ಮಾತು ಆಡಬಾರದು. ಅರಳದ ಟೊಮೆಟೊ ಮೊಗ್ಗಿನೊಳಗೆ ಚಿಮಟ ಇಳಿಸಿ, ಗಂಡುಭಾಗವನ್ನಷ್ಟೇ ಕಿತ್ತು, ನಡುವಿನ ಹೆಣ್ಣುಕಡ್ಡಿಗೆ ಗೀರೂ ಬೀಳದಂತೆ ಬಿಡುವುದು ಅವರ ಕೆಲಸ. ನಮ್ಮವ್ವ ಹಲಗೇರಿಯಲ್ಲಿ ಇಪ್ಪತ್ತು ವರ್ಷ ಅದನ್ನೇ ಮಾಡಿದವಳು.

ಅವಳಿಗೆ ಗುದನಾಳದ ಕ್ಯಾನ್ಸರ್ ಎಂದಾಗ ಅವಳು ರೋಗಕ್ಕೆ ಹೆದರಲಿಲ್ಲ, ಆಪರೇಷನ್ ಆದಮೇಲೆ ಹೊಟ್ಟೆಗೆ ಅಂಟಿಸಬಹುದಾದ ಮಲದ ಚೀಲಕ್ಕೆ ಹೆದರಿದಳು. "ಅದನ್ನ ಕಟಗೊಂಡು ನಾಕ ಮಂದ್ಯಾಗ ಹೆಂಗ ಕುಂದರ್ಲಿ? ಆಪರೇಷನ್ನ ಬ್ಯಾಡ."

ನಾನೋ ಹಾವೇರಿಯಲ್ಲಿ ವಿಜ್ಞಾನದ ಟೀಚರು, ಸೊಕ್ಕಿಗೇನು ಕಡಿಮೆ! ಪೇಪರಿನಲ್ಲಿ ಬಂದ, ದಿಲ್ಲಿಯ ಆಸ್ಪತ್ರೆಯೊಂದರ ರೋಬೋಟ್ ಸರ್ಜರಿಯ ಸುದ್ದಿ ಕತ್ತರಿಸಿ ತಂದೆ. "ದಿಲ್ಲಿಗೆ ಹೋಗೂಣಬೇ ಯವ್ವಾ. ರೋಬೋಟಿನ ಕೈ ನಡುಗೂದಿಲ್ಲ."

"ನಡುವ ಕರೆಂಟ್ ಹೋದ್ರ?" ಎಂದಳು ಅವ್ವ.

ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ರಾಣೇಬೆನ್ನೂರಿಗೆ ಬರುತ್ತಿದ್ದ ಸರ್ಜನ್ ಹತ್ತಿರ ಇಬ್ಬರೂ ಜಗಳಾಡುತ್ತಲೇ ಹೋದೆವು. ಅವರು ನನ್ನ ಕತ್ತರಿಕೆ ಓದಿ ನಕ್ಕರು.

"ರೋಬೋಟನ್ನೂ ಡಾಕ್ಟರ ನಡಸ್ಬೇಕ್ರಿ. ಅದರ ಕೈ ಒಳಗ ಮಣಿಕಟ್ಟಿನಂಗ ತಿರುಗತೈತಿ, ಇಕ್ಕಟ್ಟಿನಾಗ ಅನುಕೂಲ, ಖರೇ. ನಾನು ಮಾಡೂದು ಲ್ಯಾಪ್ರೊಸ್ಕೋಪಿ. ಸಣ್ಣ ತೂತಿನಾಗ ಕ್ಯಾಮೆರಾ, ಉದ್ದನ್ನ ಕಡ್ಡಿ. ಅವು ಹಂಗ ತಿರುಗೂದಿಲ್ಲ, ಆದ್ರ ಎಳದಾಗ ಬಿಗಿ ಎಷ್ಟೈತಿ ಅಂತ ಕೈಗೆ ಒಂದೀಟು ತಿಳೀತದ. ರೋಬೋಟಿನಾಗ ಅದನ್ನ ಕಣ್ಣಿಂದನ ತಿಳ್ಕೋಬೇಕು. ಚೀಲ ತಪ್ಪೂದು ಮಾತ್ರ ಗಂಟು ಎಷ್ಟು ಕೆಳಗೈತಿ ಅನ್ನೂದ್ರ ಮ್ಯಾಲ. ಯಾವುದ್ರಾಗ ಮಾಡಿದ್ರೂ ಮಾತು ಕೊಡಾಕ ಆಗೂದಿಲ್ಲ."

ಅವ್ವ ಕೈಚೀಲದಿಂದ ಸ್ಟೀಲ್ ಡಬ್ಬಿ ತೆಗೆದಳು. ಒಳಗೆ ಒದ್ದೆ ಬಟ್ಟೆಯ ಮೇಲೆ ಒಂದಷ್ಟು ಟೊಮೆಟೊ ಮೊಗ್ಗು, ಪಕ್ಕದಲ್ಲಿ ಅವಳ ಚಿಮಟ. ಹೀಗೆ ಮಾಡಬೇಕೆಂದು ಒಂದು ಮೊಗ್ಗು ಬಿಡಿಸಿ ತೋರಿಸಿ, "ಈಗ ನೀವು ಮಾಡ್ರಿ, ನೋಡೂಣು" ಎಂದಳು.

ಅಯ್ಯೋ, ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೊರಗೆ ಇಷ್ಟು ಪೇಶಂಟುಗಳು! ಡಾಕ್ಟರು ಮಾತ್ರ ಕನ್ನಡಕ ಏರಿಸಿ ಕುಳಿತೇಬಿಟ್ಟರು. ಮೊದಲ ಮೊಗ್ಗಿನ ಹೆಣ್ಣುಕಡ್ಡಿ ಮುರಿಯಿತು. "ಇದು ಕೆಟ್ಟೋತ್ರಿ ಅವ್ವಾರ" ಎಂದು ಎರಡು ಬೆರಳಲ್ಲಿ ಚಿವುಟಿ ಬದಿಗಿಟ್ಟರು. ಎರಡನೆಯದೂ ಅಷ್ಟೇ. ಮೂರನೆಯದು ಸರಿಯಾಯಿತು.

ಬಸ್ಸಿನಲ್ಲಿ ನಾನು ಉರಿದುಬಿದ್ದೆ. "ಎರಡು ಮುರದ್ರಬೇ! ಇವರ ಕೈಯಾಗ ಹೊಟ್ಟಿ ಕೊಡ್ತಿಯೇನು?"

"ನಿನಗೇನ ತಿಳೀತೈತಿ? ಪ್ಲಾಟಿನ್ಯಾಗ ಮುರದ ಮೊಗ್ಗಿ ಮುಚ್ಚಿಟ್ಟು ಮುಂದಕ ಹೋಗಾವ್ರನ್ನ ಎಷ್ಟ ಮಂದೀನ ನೋಡೇನಿ. ಇವರು ಕೆಟ್ಟದ್ದನ್ನ ಕೆಟ್ಟೈತಿ ಅಂದ್ರು. ಇವರ ಕಡೇನ ಮಾಡಸ್ತೇನಿ."

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಮರುದಿನ ಬೆಳಿಗ್ಗೆ ಡಾಕ್ಟರು ಬಂದು ಮಂಚದ ಬದಿಗೆ ಕುಳಿತರು. ಬಾಯಿ ತೆರೆಯುವ ಮೊದಲು ಎರಡು ಬೆರಳಲ್ಲಿ ಏನನ್ನೋ ಚಿವುಟಿ ಬದಿಗಿಟ್ಟಂತೆ ಮಾಡಿದರು. ನನಗೆ ತಿಳಿಯಲಿಲ್ಲ. ಅವ್ವನಿಗೆ ತಿಳಿಯಿತು.

"ಗಂಟು ಭಾಳ ಕೆಳಗಿತ್ರಿ ಅವ್ವಾರ. ಮಲದ ದಾರಿ ಉಳಸಾಕ ಆಗ್ಲಿಲ್ಲ. ಚೀಲ ಕಾಯಂ."

"ರೋಬೋಟಿನಾಗ ಮಾಡಿಸಿದ್ರ..." ಎಂದು ನಾನು ಶುರುಮಾಡಿದೆ.

"ಬಾಯಿ ಮುಚ್ಚ!" ಎಂದಳು ಅವ್ವ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಆಮೇಲೆ ಡಾಕ್ಟರರನ್ನು ಕೇಳಿದಳು, "ಗಿಡಾ ಉಳದೈತಿಲ್ರೀ?"

"ಗಿಡಾ ಗಟ್ಟಿ ಐತ್ರಿ."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ನನ್ನ ಚಿಮಟಾ ಜ್ವಾಕಿ ಇಟ್ಟೀಯಿಲ್ಲ?"